ವಂಶವಾಹಿಯ ಕಥೆ ಓದುವಾಗ



ವಂಶವಾಹಿ (ತಮಿಳು ಗೆಳೆಯರ ಬಾಯಲ್ಲಿ ‘ಮರಬಣು’) ತಿದ್ದುವ ಮಾತು ಬಂದರೆ ನಮಗೆ ಮೊದಲು ನೆನಪಾಗುವುದು ಸಿನಿಮಾ. 1997ರ ‘ಗ್ಯಾಟಕಾ’ದಲ್ಲಿ ವಿನ್ಸೆಂಟ್ ಹುಟ್ಟಿದ ಕೂಡಲೇ ರಕ್ತ ಪರೀಕ್ಷಿಸಿ, ಹೃದಯ ದುರ್ಬಲ, ಆಯುಸ್ಸು ಸುಮಾರು ಮೂವತ್ತು ವರ್ಷ ಎಂದುಬಿಡುತ್ತಾರೆ. ತಂದೆ ತನ್ನ ಹೆಸರನ್ನು ಅವನಿಗೆ ಇಡುವುದಿಲ್ಲ. ಪ್ರಯೋಗಾಲಯದಲ್ಲಿ ಆರಿಸಿ ಪಡೆದ ಎರಡನೆಯ ಮಗನಿಗೆ ಇಡುತ್ತಾನೆ. ಇಂಥ ನೋವನ್ನು ಬಿ.ಎಸ್ಸಿ. ಪಠ್ಯ ಹೇಳುವುದಿಲ್ಲ. ಕಥೆ ಬೇಕಾಗುವುದು ಇದಕ್ಕೇ.

ಆದರೆ ಕಥೆಯನ್ನಷ್ಟೇ ಹಿಡಿದು, ವಂಶವಾಹಿ ಚಿಕಿತ್ಸೆಯೆಲ್ಲ ದೇವರ ಕೆಲಸಕ್ಕೆ ಕೈಹಾಕಿದಂತೆ ಎಂದು ನೀಲಗಿರಿಯಲ್ಲಿರುವ ನಾವು ಹೇಳಲಾಗದು. ಭಾರತದಲ್ಲಿ ಸಿಕಲ್ ಸೆಲ್ ರೋಗದ ವಂಶವಾಹಿ ಮೊದಮೊದಲು ಗುರುತಾದ ಜಾಗಗಳಲ್ಲಿ ಈ ಬೆಟ್ಟವೂ ಒಂದು. 1952ರಲ್ಲಿ, ಇಲ್ಲಿನ ಆದಿವಾಸಿಗಳಲ್ಲಿ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ರಕ್ತನಾಳಕ್ಕೆ ಅಡ್ಡಬೀಳುತ್ತದೆ, ತಡೆಯಲಾರದ ನೋವು. ಹಾಡಿಗಳಲ್ಲಿ ಈ ರೋಗ ಇಂದಿಗೂ ಇದೆ. ಇದಕ್ಕೆ ‘ಕ್ಯಾಸ್‌ಜೆವಿ’ ಎಂಬ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ರೋಗಿಯದೇ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ವಿಧಾನದಲ್ಲಿ ತಿದ್ದಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ತಾಯಿಯ ಗರ್ಭದಲ್ಲಿದ್ದಾಗ ಇದ್ದ ಬಗೆಯ ಹಿಮೋಗ್ಲೋಬಿನ್ ಪುನಃ ತಯಾರಾಗತೊಡಗುತ್ತದೆ. ಈ ತಿದ್ದುಪಡಿ ಮಕ್ಕಳಿಗೆ ದಾಟುವುದಿಲ್ಲ.

ಚೀನಾದ ಹೆ ಜಿಯಾನ್‌ಕುಯಿ ಮಾಡಿದ್ದು ಬೇರೆ. ಎಚ್‌ಐವಿ ತಗಲದಿರಲೆಂದು ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು 2018ರಲ್ಲಿ ಸಾರಿದ. ಆ ಭ್ರೂಣಗಳಿಗೆ ಯಾವ ರೋಗವೂ ಇರಲಿಲ್ಲ. ಆದ ತಿದ್ದುಪಡಿ ಮುಂದಿನ ಪೀಳಿಗೆಗೂ ಹೋಗಬಲ್ಲದು. ಮರುವರ್ಷ ಅವನಿಗೆ ಮೂರು ವರ್ಷ ಸೆರೆಯಾಯಿತು.

ಧರ್ಮಸಭೆಯ 2008ರ ‘ಡಿಗ್ನಿತಾಸ್ ಪರ್ಸೋನೇ’ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರೋಗಿಯ ದೇಹಕೋಶ ತಿದ್ದಿ ಗುಣಪಡಿಸುವುದು ತಾತ್ವಿಕವಾಗಿ ಸರಿ. ಪೀಳಿಗೆಗೆ ದಾಟುವ ತಿದ್ದುಪಡಿ ಈಗಿನ ಸ್ಥಿತಿಯಲ್ಲಿ ಸಲ್ಲದು. ಕಾಯಿಲೆಯಿಲ್ಲದೆ ಮನುಷ್ಯನನ್ನು ‘ಉತ್ತಮಗೊಳಿಸುವ’ ಆಸೆಯಲ್ಲಿ ಮೇಲುಕೀಳಿನ ಬೀಜವಿದೆ. ಯಾವ ಪುಸ್ತಕ ಓದಿದರೂ ಕೇಳಿಕೊಳ್ಳೋಣ: ತಿದ್ದುತ್ತಿರುವುದು ಯಾರ ದೇಹ? ಅವರಿಗೆ ರೋಗವಿದೆಯೇ? ಅದು ಮಕ್ಕಳಿಗೆ ದಾಟುತ್ತದೆಯೇ?

ಸಿದ್ಧಾರ್ಥ ಮುಖರ್ಜಿಯವರ ‘ದ ಜೀನ್’ (2016) ದಪ್ಪ ಪುಸ್ತಕ, ಹೆದರಬೇಡಿ. ತಮ್ಮದೇ ಕುಟುಂಬದ ಮಾನಸಿಕ ಕಾಯಿಲೆಯಿಂದ ಅವರು ಆರಂಭಿಸುತ್ತಾರೆ. ಕಾದಂಬರಿ ಬೇಕೆನ್ನುವವರಿಗೆ ಕಜುವೊ ಇಶಿಗುರೊ ಅವರ ‘ನೆವರ್ ಲೆಟ್ ಮಿ ಗೋ’ (2005). ಅಂಗಾಂಗ ಕೊಡಲೆಂದೇ ಬೆಳೆಸಿದ, ತದ್ರೂಪು ಸೃಷ್ಟಿಯಿಂದ ಹುಟ್ಟಿದ ಮಕ್ಕಳು ಅಲ್ಲಿ ಚಿತ್ರ ಬರೆಯುತ್ತಾರೆ. ಅವರಿಗೂ ಆತ್ಮವಿದೆಯೆಂದು ತೋರಿಸಲು ಆ ಚಿತ್ರಗಳನ್ನು ಕೂಡಿಡುತ್ತಾರೆ.

ಯುವಕೂಟದ ಚರ್ಚೆಗೆ ಒಂದು ಪ್ರಶ್ನೆ. ಕ್ಯಾಸ್‌ಜೆವಿಗೆ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿಗೆ ಅದು ಎಟುಕದಿದ್ದರೆ, ವಿನ್ಸೆಂಟನಿಗೂ ಆ ಮಗುವಿಗೂ ಇರುವ ವ್ಯತ್ಯಾಸವೇನು?