ಮದರ್‌ಬೋರ್ಡ್ ಒಪ್ಪಿದರೆ ಉಳಿತಾಯ

ಮಗಳು ಕಂಪ್ಯೂಟರ್ ಸೈನ್ಸ್ ಡಿಗ್ರಿಗೆ ಸೇರಿದಾಗ ಮನೆಗೊಂದು ಹೊಸ ಡೆಸ್ಕ್‌ಟಾಪ್ ಬೇಕಾಯಿತು. ಬೆಲೆಪಟ್ಟಿ ಹಿಡಿಯುವ ಮೊದಲು ಹಳೆಯ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳು ಚೆನ್ನಾಗಿಯೇ ಇದ್ದವು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಜಿಗಿದಿತ್ತಲ್ಲ, ಹಾಗಾಗಿ ಮಿಕ್ಕ ಖರೀದಿಯೆಲ್ಲ ಇವೆರಡನ್ನು ಉಳಿಸಿಕೊಳ್ಳುವ ಲೆಕ್ಕದ ಮೇಲೆಯೇ ನಡೆಯಿತು.

ಡಿಡಿಆರ್4 ಮತ್ತು ಡಿಡಿಆರ್5ರ ಕಚ್ಚುಗಳ ಜಾಗವೇ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಎಎಂಡಿ 2022ರಲ್ಲಿ ತಂದ ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ ಆಗುತ್ತದೆ. ಇಂಟೆಲ್‌ನ ಎಲ್‌ಜಿಎ1700ಕ್ಕೆ ಎರಡೂ ಬಗೆಯ ಬೋರ್ಡ್‌ಗಳು ಸಿಗುತ್ತವೆ, ಕೊಳ್ಳುವಾಗ ಯಾವುದೆಂದು ನೋಡಿಕೊಳ್ಳಬೇಕು. ನಾನು ಎಎಂಡಿಯ ಹಳೆಯ ಎಎಂ4 ಸಾಕೆಟ್‌ನ ಬೋರ್ಡನ್ನೇ ಆರಿಸಿದೆ. ಅದಕ್ಕೆ ಮುಂದೆ ಹೊಸ ತಲೆಮಾರಿನ ಪ್ರೊಸೆಸರ್ ಹಾಕಲಾಗದು ಎನ್ನುವವರ ಮಾತು ನಿಜ. ಆದರೆ ಡಿಗ್ರಿ ಮುಗಿಯುವವರೆಗಿನ ಕೆಲಸಕ್ಕೆ ಸಾಲುವ ಯಂತ್ರ ಬೇಕೆಂದಾಗ, ಎಂದೋ ಮಾಡಬಹುದಾದ ಅಪ್‌ಗ್ರೇಡ್‌ಗೆ ಇಂದೇ ದುಡ್ಡು ಸುರಿಯುವುದು ನನಗೆ ಸರಿ ಕಾಣಲಿಲ್ಲ.

ಪ್ರೊಸೆಸರ್ ಆರಿಸುವಾಗ ಮಾದರಿಯ ಕೊನೆಯ ಅಕ್ಷರವನ್ನೂ ಓದಿ. ರೈಜೆನ್ 5 5600ಕ್ಕೆ ಸ್ವಂತ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಇಂಟೆಲ್‌ನಲ್ಲಿ 12100ಎಫ್‌ನಂಥ 'ಎಫ್' ಮಾದರಿಗಳಿಗೂ ಗ್ರಾಫಿಕ್ಸ್ ಇರುವುದಿಲ್ಲ. ಅವುಗಳ ಬೆಲೆ ಕಡಿಮೆ ಕಂಡರೂ ಪರದೆಯಲ್ಲಿ ಚಿತ್ರ ಮೂಡಲು ಪ್ರತ್ಯೇಕ ಕಾರ್ಡ್ ಕೊಳ್ಳಲೇಬೇಕು. ನಾನು ತಂದದ್ದು 5600ಜಿ. ಅದರ ಗ್ರಾಫಿಕ್ಸ್ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡಿದ್ದರೆ ವೇಗ ಹೆಚ್ಚು.

ಎಸ್‌ಎಸ್‌ಡಿಯಲ್ಲಿ ಹಣ ಸದ್ದಿಲ್ಲದೆ ಸೋರುತ್ತದೆ. 5600ಜಿ ಪಿಸಿಐಇ 3.0 ವೇಗದಲ್ಲಷ್ಟೇ ಓಡುತ್ತದೆ. ಪಿಸಿಐಇ 4.0 ಎಸ್‌ಎಸ್‌ಡಿ ಹಾಕಿದರೂ ಹೆಚ್ಚುವರಿ ವೇಗ ಸಿಗದು. ಆ ವ್ಯತ್ಯಾಸದ ಹಣವನ್ನು ನಾನು ಎಸ್‌ಎಂಪಿಎಸ್‌ಗೆ ಹಾಕಿದೆ. ಅಗ್ಗದ ಕ್ಯಾಬಿನೆಟ್ ಜೊತೆಗೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೆಂದು ಬಿಟ್ಟು, 80 ಪ್ಲಸ್ ಬ್ರಾಂಜ್ ಗುರುತಿರುವ 450 ವ್ಯಾಟ್‌ನದನ್ನು ಬೇರೆಯಾಗಿ ಕೊಂಡೆ. ಕರೆಂಟ್ ಏರುಪೇರಾಗುವ ಬಡಾವಣೆಯಲ್ಲಿ ಈ ಖರ್ಚಿಗೆ ಕತ್ತರಿ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯ ನಾಲ್ಕಾರು ಅಂಗಡಿಗಳಲ್ಲಿ ದರ ಕೇಳಿ. ಅದಕ್ಕೂ ಮೊದಲು ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕೆಂದು ಬರೆದುಕೊಳ್ಳಿ. ಬಹಳ ದಿನ ಕಪಾಟಿನಲ್ಲಿದ್ದ ಬೋರ್ಡ್‌ನ ಬಯೋಸ್ ಹಳೆಯದಾಗಿರಬಹುದು. ಅಪ್‌ಡೇಟ್ ಮಾಡಿಕೊಡಿ ಎಂದು ಅಂಗಡಿಯಲ್ಲೇ ಕೇಳಿ. ಪೆಟ್ಟಿಗೆಯಿಲ್ಲದ 'ಟ್ರೇ' ಪ್ರೊಸೆಸರ್ ಅಗ್ಗವೆಂದರೆ ಒಪ್ಪಬೇಡಿ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗೆ ಎಎಂಡಿ ಕೊಡುವ 3 ವರ್ಷದ ವಾರಂಟಿ ಅದಕ್ಕಿಲ್ಲ. ಹಾಗೆಯೇ ಶೇ 18ರ ಜಿಎಸ್‌ಟಿ ಉಳಿಸಲು ಬಿಲ್ಲಿಲ್ಲದೆ ಕೊಳ್ಳಬೇಡಿ. ಭಾಗ ಕೆಟ್ಟು ವಾರಂಟಿ ಕೇಳುವಾಗ ಸೀರಿಯಲ್ ನಂಬರ್ ಬರೆದ ಬಿಲ್ ಕೈಯಲ್ಲಿರಬೇಕು.