ಬಚ್ಚಲ ಹಿಂದಿನ ಹುಲ್ಲು

ಸಾಗರದ ಮನೆಗೆ ಸೊಸೆಯಾಗಿ ಬಂದ ವರ್ಷ ಅತ್ತೆ ನನ್ನ ಕೈಯಲ್ಲಿ ನೆಡಿಸಿದ ಮೊದಲ ಗಿಡ ಮಜ್ಜಿಗೆ ಹುಲ್ಲು. ಪೇಟೆಯಲ್ಲಿ ಅದೇ ಲೆಮನ್‌ಗ್ರಾಸ್ ಆಗಿ ದುಡ್ಡು ಕೇಳುತ್ತದೆ. ನೀರು ಪುಕ್ಕಟೆ ಸಿಗಲಿ ಎಂದು ಬಚ್ಚಲ ನೀರು ಹರಿಯುವಲ್ಲೇ ಊರಿದೆ. ಬೇಸಿಗೆಯಿಡೀ ಸೊಂಪಾಗಿತ್ತು. ಜುಲೈಯಲ್ಲಿ ಮಳೆ ಹಿಡಿದದ್ದೇ ಎಲೆ ಹಳದಿಯಾಯಿತು. ಎಳೆದು ನೋಡಿದರೆ ಬುಡ ಕೊಳೆತು ಕೈಗೇ ಬಂತು. ನೀರು ಹರಿದು ಹೋಗಬೇಕು, ನಿಲ್ಲಬಾರದು.

ಮತ್ತೆ ಮಣ್ಣು ಏರಿಸಿ ನೆಟ್ಟೆ. ಎಣ್ಣೆಗೆಂದು ಕೇರಳದಲ್ಲಿ ಬೆಳೆಯುವ ಜಾತಿ ಬೀಜದಿಂದಲೂ ಬರುತ್ತದೆ. ನಮ್ಮದು ಹೂ ಬಿಡುವುದೇ ಅಪರೂಪ, ಹಿಳ್ಳು ಕಿತ್ತೇ ನೆಡಬೇಕು. ಈ ಸಲ ಎಷ್ಟು ಚೆನ್ನಾಗಿ ಬಂತೆಂದರೆ ಮುಟ್ಟಲು ಮನಸ್ಸಾಗದೆ 4 ವರ್ಷ ಹಾಗೇ ಬಿಟ್ಟೆ. ಹೆಡಿಗೆಯಷ್ಟು ದಪ್ಪದ ಬುಡ ಮಣ್ಣಿನಿಂದ ಮೇಲೆದ್ದಿತು, ನಡುವೆ ಬರೀ ಒಣಹುಲ್ಲು. ಅತ್ತೆ ನೋಡಿದವರೇ, "ಮುದ್ದು ಮಾಡಿದ್ದು ಸಾಕು ಮಾರಾಯ್ತಿ, ಕತ್ತಿ ತಾ" ಎಂದರು. ಇಡೀ ಬುಡ ಅಗೆದು, ನಡುವಿನ ಸತ್ತದ್ದನ್ನು ಗೊಬ್ಬರಗುಂಡಿಗೆ ಎಸೆದು, ಅಂಚಿನ ಹಿಳ್ಳುಗಳನ್ನು ಬಿಡಿಸಿದೆವು. ಒಣ ಸಿಪ್ಪೆ ಸುಲಿದರೆ ಒಳಗೆ ಬಿಳಿ, ಬುಡದಲ್ಲಿ ನಸುಗೆಂಪು. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ ಎರಡಡಿಗೊಂದರಂತೆ ನೆಟ್ಟೆವು. ಅಂಚು ಕೈ ಗೀರಿದ್ದು ಆಗ ಗೊತ್ತೇ ಆಗಲಿಲ್ಲ. ರಾತ್ರಿ ಉಪ್ಪಿನಕಾಯಿ ಮುಟ್ಟಿದಾಗ ತಿಳಿಯಿತು.

ಅಡುಗೆಮನೆಯಲ್ಲೂ ಪಾಠವಾಯಿತು. ಜೀರಿಗೆ ಕಷಾಯದ ಹಾಗೆ ಇದನ್ನೂ ಅರ್ಧ ಗಂಟೆ ಕುದಿಸುತ್ತಿದ್ದೆ. ಜಗುಲಿವರೆಗೂ ಘಮ, ಲೋಟದಲ್ಲಿ ಮಾತ್ರ ಹುಲ್ಲಿನ ನೀರು. ನಿಂಬೆಯ ವಾಸನೆ ಕೊಡುವ ಸಿಟ್ರಾಲ್ ಹಬೆಯ ಜೊತೆಗೇ ಹಾರಿಹೋಗುತ್ತದೆ. ಇದರ ಎಣ್ಣೆ ತೆಗೆಯುವುದೂ ಹಬೆ ಹಾಯಿಸಿಯೇ. ಈಗ ನೀರು ಕುದಿದು ಒಲೆ ಆರಿಸಿದ ಮೇಲೆ ಎಲೆ ಗಂಟು ಕಟ್ಟಿ ಹಾಕಿ, ಐದು ನಿಮಿಷ ಗಟ್ಟಿ ಮುಚ್ಚುತ್ತೇನೆ. ಮಜ್ಜಿಗೆಗಾದರೆ ಶುಂಠಿ, ಉಪ್ಪಿನ ಜೊತೆ ಜಜ್ಜಿ ಹಿಂಡಿದರಾಯಿತು.

ಹೋದ ವರ್ಷ ನಾದಿನಿ ಬೆಂಗಳೂರಿಗೆ ನಾಲ್ಕು ಹಿಳ್ಳು ಒಯ್ದಳು. ವಾರಕ್ಕೆಲ್ಲ ಫೋನು: "ಅತ್ತಿಗೆ, ಎಲ್ಲಾ ಒಣಗಿಹೋಯ್ತು."

"ಎಲೆ ಕತ್ತರಿಸಿದ್ಯಾ?"

"ಇಲ್ಲ. ಅಷ್ಟುದ್ದ, ಅಷ್ಟು ಚೆನ್ನಾಗಿತ್ತು, ಮನಸ್ಸೇ ಬರಲಿಲ್ಲ."

ಬೇರು ಹಿಡಿಯದ ಹಿಳ್ಳು ಅಷ್ಟುದ್ದದ ಎಲೆಗೆ ನೀರು ಎಲ್ಲಿಂದ ತರಬೇಕು? ಬಸ್ಸಿನಲ್ಲಿ ಇನ್ನೊಂದು ಕಟ್ಟು ಕಳಿಸಿದೆ, ಎಲೆ ನಾನೇ ಕತ್ತರಿಸಿ.