ಬೂರುಗದ ಮರ ಕಲಿಸಿದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಶಿವರಾತ್ರಿಯ ಆಸುಪಾಸಿನ ಒಂದು ತಿಂಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ದಿನವೂ ಹೊರಗೆ ಓಡಾಡಿ, ನಾವು ಕೆಲವು ಗೆಳೆಯರು ಪ್ರಕೃತಿಯ ಮೇಲೊಂದು ಕಿರುಚಿತ್ರ ಮಾಡಿದೆವು. ತರಬೇತಿ ಯಾರಿಗೂ ಇರಲಿಲ್ಲ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

1. ಹುಲಿಯ ಆಸೆ ಬಿಡಿ

ಮೊದಮೊದಲು ಹುಲಿ ಕಂಡೀತೆಂದು ಕಾಕನಕೋಟೆ ಕಡೆಯ ಸಫಾರಿಯಲ್ಲೇ ಹೊತ್ತು ಕಳೆದೆ. ಅಲ್ಲಿ ಗಾಡಿ ನಿಲ್ಲುವುದೂ ಹೊರಡುವುದೂ ನಮ್ಮ ಕೈಲಿಲ್ಲ. ಅಭಯಾರಣ್ಯದೊಳಗೆ ಚಿತ್ರೀಕರಣ ಮಾಡಬೇಕಾದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ವನ್ಯಜೀವಿ ಚಿತ್ರಗಳನ್ನು ಮಾಡುವ ಮೈಸೂರಿನ ಕೃಪಾಕರ–ಸೇನಾನಿ ಸೀಳುನಾಯಿಗಳ ಬೆನ್ನುಹತ್ತಿ ವರ್ಷಗಟ್ಟಲೆ ಕಾಡು ಅಲೆದವರು. ತಿಂಗಳೊಪ್ಪತ್ತಿನ ಕೆಲಸಕ್ಕೆ ಕಾಡಿನ ಹೊರಗಿನ ಕೆರೆ, ಬೇಲಿ, ಗದ್ದೆಬದುಗಳೇ ಸರಿ.

2. ಒಂದೇ ಮರಕ್ಕೆ ದಿನವೂ ಹೋಗಿ

ಹುಣಸೂರಿನ ಬಳಿ ಹೊಲದ ಅಂಚಿನಲ್ಲೊಂದು ಬೂರುಗದ ಮರವಿತ್ತು. ಹೂ ಬಿಡುವ ಕಾಲಕ್ಕೆ ಬೂರುಗದಲ್ಲಿ ಎಲೆ ಇರುವುದಿಲ್ಲ. ಹಕ್ಕಿ ಮರೆಯಾಗುವುದೂ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ಮೈನಾ ಆ ದಪ್ಪ ಕೆಂಪು ಬಟ್ಟಲಿಗೆ ತಲೆ ತೂರಿಸಿ ಮಕರಂದ ಕುಡಿದು ಎದ್ದರೆ ಹಣೆಯ ತುಂಬ ಪರಾಗ. ಅದೇ ಹಣೆ ಹೊತ್ತು ಪಕ್ಕದ ಹೂವಿಗೆ ಹಾರುತ್ತದೆ. ಪಠ್ಯದಲ್ಲಿ ಓದಿದ್ದ ಪರಾಗಸ್ಪರ್ಶವನ್ನು ನಾನು ಕಣ್ಣಾರೆ ಕಂಡಿದ್ದು ಅಲ್ಲೇ. ಬಿಸಿಲೇರಿದರೆ ಗದ್ದಲ ಕಡಿಮೆ, ಹಾಗಾಗಿ ಬೆಳಕು ಹರಿಯುವ ಮೊದಲೇ ಅಲ್ಲಿರಬೇಕು. ಬಿದ್ದ ಹೂವಿಗೆ ಆಡುಗಳು ಮುಗಿಬೀಳುತ್ತಿದ್ದವು. ಬೇಟೆಹಕ್ಕಿ ಬಿಜ್ಜು ಬಂದು ಕೂತರೆ ಮರಕ್ಕೆ ಮರವೇ ಖಾಲಿ. ದಿನವೂ ಹೋಗಿದ್ದರಿಂದ ಯಾವ ಕೊಂಬೆಗೆ ಯಾರು ಬರುತ್ತಾರೆ ಎಂಬುದು ತಿಳಿಯಿತು; ಆಮೇಲೆ ಕ್ಯಾಮೆರಾ ಹಿಡಿದು ಓಡುವ ಅಗತ್ಯವೇ ಬೀಳಲಿಲ್ಲ.

3. ಸದ್ದನ್ನು ಬೇರೆಯೇ ಹಿಡಿಯಿರಿ

ಚುಂಚನಕಟ್ಟೆಯಲ್ಲಿ ತೆಗೆದ ದೃಶ್ಯಗಳ ತುಂಬ ಗಾಳಿಯ ಬುಸುಗುಟ್ಟುವಿಕೆ. ಮೈಕಿಗೆ ತುಪ್ಪಳದ ಕವಚ ಹಾಕಿರಲಿಲ್ಲ. ಅಂದಿನಿಂದ ಎಲ್ಲೇ ಹೋದರೂ, ಹೊರಡುವ ಮೊದಲು ಮಾತಾಡದೆ ನಿಂತು ಆ ಜಾಗದ ಸದ್ದನ್ನು ತುಂಬಿಕೊಳ್ಳುತ್ತಿದ್ದೆವು.

4. ಹಕ್ಕಿ ಕೂಗಿದರೆ ಹಿಂದೆ ಸರಿಯಿರಿ

ಪಿರಿಯಾಪಟ್ಟಣದ ಬೀಳುಭೂಮಿಯೊಂದರಲ್ಲಿ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಚೀರುತ್ತಿತ್ತು. ಒಳ್ಳೆಯ ದೃಶ್ಯ ಎಂದುಕೊಂಡು ಚಿತ್ರೀಕರಿಸುತ್ತಲೇ ಇದ್ದೆ. ಜೊತೆಗಿದ್ದ ಕುರಿ ಕಾಯುವ ಹುಡುಗ ಕಾಲಡಿ ತೋರಿಸಿದ: ಕಲ್ಲಿನ ನಡುವೆ ಮಣ್ಣಿನದೇ ಬಣ್ಣದ ಮೊಟ್ಟೆಗಳು. ನಾವು ನಿಂತಷ್ಟು ಹೊತ್ತೂ ಅವು ಬಿಸಿಲಿಗೆ ಬೇಯುತ್ತಿದ್ದವು, ಕಾಗೆಗಳ ಕಣ್ಣಿಗೂ ಬೀಳುತ್ತಿದ್ದವು. ಆ ದೃಶ್ಯವನ್ನು ಚಿತ್ರದಲ್ಲಿ ಬಳಸಲಿಲ್ಲ. ಗೂಡಿನ ಹತ್ತಿರ ಹೋಗಿ ತೆಗೆದ ಚಿತ್ರವನ್ನು ಈಗ ಯಾರೇ ತೋರಿಸಿದರೂ ನನಗೆ ಸಂಕಟವಾಗುತ್ತದೆ.

5. ಕಾಡಂಚಿನ ಮನುಷ್ಯರನ್ನು ಚೌಕಟ್ಟಿನಿಂದ ಹೊರಗಿಡಬೇಡಿ

ಕಬಿನಿ ದಂಡೆಯ ಕಾರಾಪುರದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಜಗತ್ತಿಗೆ ಪರಿಚಿತನಾದ. ಅಲ್ಲೂ ಆನೆಯ ಪಕ್ಕ ಮನುಷ್ಯನಿದ್ದ. ನಾವು ಮಾತ್ರ ಮನುಷ್ಯರು ಕಾಣದಂತೆ ಕ್ಯಾಮೆರಾ ತಿರುಗಿಸುತ್ತಿದ್ದೆವು. ಕೋಟೆ ತಾಲ್ಲೂಕಿನಲ್ಲಿ ರೈಲು ಕಂಬಿಯ ತಡೆಗೋಡೆ ಪಕ್ಕದ ಬಾಳೆತೋಟ ಕಾಯುತ್ತಿದ್ದ ಅವ್ವನೊಬ್ಬರು ಅಂದರು: “ಆನೆ ಬಂದ್ರೆ ನೀವು ಕ್ಯಾಮ್ರ ತೆಗೀತೀರ ಕಣಪ್ಪ, ನಾವು ಪಟಾಕಿ ತೆಗೀಬೇಕು.” ಅವರ ಒಪ್ಪಿಗೆ ಪಡೆದು ಆ ಮಾತನ್ನು ಚಿತ್ರದಲ್ಲಿ ಇಟ್ಟುಕೊಂಡೆವು. ಚಿತ್ರ ಮುಗಿದ ಮೇಲೆ ಮೊದಲು ತೋರಿಸಿದ್ದೂ ಅವರ ಊರಲ್ಲೇ, ಶಾಲೆಯ ಗೋಡೆಯ ಮೇಲೆ. ನೋಡಿದವರು ಹೊಗಳಿಕೆಗಿಂತ ಹೆಚ್ಚಾಗಿ ಕೆಲಸ ಹೇಳಿದರು: “ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಹಚ್ಚೋ ಕಾಲದಲ್ಲಿ ಬನ್ನಿ, ಎಷ್ಟು ಸೌದೆ ಉರೀತದೆ ಅಂತ ಅದನ್ನೂ ಹಿಡೀರಿ.” ಆ ಚಿತ್ರದ ತಯಾರಿ ಈಗ ನಡೆದಿದೆ.